ಆರು ವರ್ಷದ ಮಗಳಿಗೆ ಮನೆಪಾಠ: ವೇಳಾಪಟ್ಟಿಯ ಕುರಿತ ನಿಮ್ಮ ಪ್ರಶ್ನೆಗೆ

ನಮಸ್ಕಾರ. ಬೆಳಗಿನ ಅಡುಗೆ ಮತ್ತು ಎರಡು ವರ್ಷದ ಮಗನ ಗಲಾಟೆಯ ನಡುವೆ ಆರು ವರ್ಷದ ಮಗಳಿಗೆ 9ರಿಂದ 12ರವರೆಗೆ ಶಾಲೆಯಂತೆಯೇ ಪಾಠ ಹೇಳಲಾಗುತ್ತಿಲ್ಲವೆಂದೂ, ಮುಂದೆ ಪರೀಕ್ಷೆಗೆ ಏನು ಗತಿ ಎಂದು ಅತ್ತೆಯವರು ಕೇಳುತ್ತಿದ್ದಾರೆಂದೂ ಬರೆದಿದ್ದೀರಿ.

ಮೊದಲಿಗೆ ಆ ವೇಳಾಪಟ್ಟಿಯನ್ನು ಕೈಬಿಡಿ. ತರಗತಿಯಲ್ಲಿ ಹಾಜರಿಗೆ, ಸರದಿಗೆ, ಸದ್ದಡಗಿಸುವುದಕ್ಕೆ ಹೋಗುವ ಸಮಯ ಮನೆಯಲ್ಲಿ ಉಳಿಯುವುದರಿಂದ, ಈ ವಯಸ್ಸಿಗೆ ಕುಳಿತು ಓದಿ ಬರೆಯಲು ದಿನಕ್ಕೆ ಒಂದು ಗಂಟೆ ಧಾರಾಳವಾಯಿತು. ಅದನ್ನೂ ಚಿಕ್ಕವನು ಮಧ್ಯಾಹ್ನ ಮಲಗಿದಾಗ ಇಟ್ಟುಕೊಳ್ಳಿ. ಬೆಳಗಿನ ಗಣಿತ ಅಡುಗೆಮನೆಯಲ್ಲೇ ನಡೆಯಲಿ. ಅಕ್ಕಿಯನ್ನು ಪಾವಿನಲ್ಲಿ ಅವಳೇ ಅಳೆಯಲಿ; ನಾಲ್ಕು ಪಾವು ಸೇರಿದರೆ ಒಂದು ಸೇರು ಎಂಬುದನ್ನು ಕೈಯಾರೆ ಸುರಿದು ನೋಡಿದ ಮಗುವಿಗೆ ಕಾಲು, ಅರೆ, ಮುಕ್ಕಾಲುಗಳನ್ನು ಹೆಚ್ಚು ವಿವರಿಸಬೇಕಾಗುವುದಿಲ್ಲ. ಸುಲಿದ ಅವರೆಕಾಳನ್ನು ಅವಳು ಹತ್ತರ ಗುಂಪು ಮಾಡುವಾಗ ತಮ್ಮ ಒಂದಿಷ್ಟು ಚೆಲ್ಲಿದರೆ ಅದೇ ಕಳೆಯುವ ಲೆಕ್ಕ. (ಕಾಳು ಅವನ ಮೂಗಿಗೆ ಸೇರದಂತೆ ಮಾತ್ರ ಕಣ್ಣಿಟ್ಟಿರಿ.) ಒತ್ತಕ್ಷರಗಳಿಗೆ ಇಂಥ ಅಡ್ಡದಾರಿಯಿಲ್ಲ, ದಿನವೂ ನಾಲ್ಕು ಸಾಲು ಗಟ್ಟಿಯಾಗಿ ಓದಿಸಲೇಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಶಾಲೆಗೆ ಹೋಗದೆ ಓದುವವರಿಗೂ ಪರೀಕ್ಷೆ ನಡೆಸುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಪ್ರಾಥಮಿಕ ಮಟ್ಟದ ‘ಮುಕ್ತ ಮೂಲ ಶಿಕ್ಷಣ’ದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೆಯ ತರಗತಿಗಳಿಗೆ ಸಮಾನವಾಗಿದ್ದು, 14 ವರ್ಷ ತುಂಬಿದ ಮೇಲೆ ಅಲ್ಲಿಯೇ ಹತ್ತನೆಯ ತರಗತಿಗೆ ನೋಂದಾಯಿಸಬಹುದೆಂದು ಅತ್ತೆಯವರಿಗೆ ತಿಳಿಸಿ. ಸಂಜೆ ಮಗ್ಗಿ ಒಪ್ಪಿಸಿಕೊಳ್ಳುವ ಕೆಲಸವನ್ನು ಅವರಿಗೇ ವಹಿಸಿದರೆ ಅವರ ಆತಂಕವೂ ತಗ್ಗೀತು, ನಿಮಗೂ ಅರ್ಧ ಗಂಟೆ ಬಿಡುವು ಸಿಕ್ಕೀತು.