ಕೋಡಿಂಗ್ ಬಾರದವರಿಗೂ ಇದು ಬೇಕಾ?

ಪ್ರಶ್ನೆ: ಕಂಪ್ಯೂಟೇಶನಲ್ ಥಿಂಕಿಂಗ್ ಎಲ್ಲರಿಗೂ ಬೇಕು ಅಂತಾರಲ್ಲ, ಏನದು? ವಿಜ್ಞಾನಕ್ಕೆ ಅದರಿಂದೇನು ಉಪಯೋಗ?

ಉತ್ತರ: ಕಂಪ್ಯೂಟರ್ ಥರ ಯೋಚಿಸುವುದಂತೂ ಅಲ್ಲ. ಕಂಪ್ಯೂಟರ್ ಸುಮ್ನೆ ಹೇಳಿದ್ದನ್ನು ಮಾಡುತ್ತದೆ, ಅಷ್ಟೇ. ದೊಡ್ಡ ಸಮಸ್ಯೆಯನ್ನು ಒಡೆದು, ಬೇಡದ ವಿವರ ಬದಿಗಿಟ್ಟು, ಯಾರು ಮಾಡಿದರೂ ಅದೇ ಉತ್ತರ ಬರುವ ಹಾಗೆ ಹಂತ ಹಂತವಾಗಿ ಬರೆಯುವ ಕೆಲಸ ನಮ್ಮದು.

1,000 ಪುಟದ ನಿಘಂಟಿನಲ್ಲಿ ಪದ ಹುಡುಕಬೇಕು ಅನ್ನಿ. ನಡುವೆ ತೆರೆದು, ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಇನ್ನರ್ಧ ಕೈಬಿಟ್ಟು, ಮತ್ತೆ ನಡುವೆ ತೆರೆಯುತ್ತಾ ಹೋದರೆ ಹೆಚ್ಚೆಂದರೆ 10 ಸಲಕ್ಕೆ ಪುಟ ಸಿಗುತ್ತದೆ. 10 ಲಕ್ಷ ಪುಟವಾದರೂ 20 ಸಲ ಸಾಕು! ಆದರೆ ಪದಗಳು ಅಕಾರಾದಿಯಲ್ಲಿರಬೇಕು, ಇಲ್ಲದಿದ್ದರೆ ಈ ಜಾಣತನ ನಡೆಯುವುದಿಲ್ಲ. ಇಲ್ಲಿ ಕೋಡಿಂಗ್ ಎಲ್ಲಿದೆ, ಅಲ್ವಾ?

ಇನ್ನು ವಿಜ್ಞಾನ. ಮನುಷ್ಯನ ಜೀನೋಮ್‌ನಲ್ಲಿ (ಅಂದರೆ ನಮ್ಮ ಡಿಎನ್ಎಯಲ್ಲಿರುವ ಪೂರ್ತಿ ಬರಹದಲ್ಲಿ) ಸುಮಾರು 300 ಕೋಟಿ ಅಕ್ಷರಗಳಿವೆ. ಅಷ್ಟನ್ನೂ ಒಂದೇ ಉಸಿರಿಗೆ ಓದುವ ಯಂತ್ರವಿಲ್ಲ. ಹಾಗಾಗಿ ಡಿಎನ್ಎಯನ್ನು ಚೂರು ಮಾಡಿ ಓದಿ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದುತ್ತದೆಯೇ ಅಂತ ಪ್ರೋಗ್ರಾಂನಿಂದ ನೋಡಿಸಿ ಜೋಡಿಸುತ್ತಾರೆ. ಒಂದೇ ಥರದ ಚೂರು ಜಾಸ್ತಿ ಇರುವ ಕಡೆ ಪ್ರೋಗ್ರಾಂ ಎಡವುತ್ತದೆ, ಅಲ್ಲಿ ಜಾಗ ಖಾಲಿ ಉಳಿಯುತ್ತದೆ. 2003ರಲ್ಲಿ ಮನುಷ್ಯನ ಜೀನೋಮ್ ಓದುವ ಯೋಜನೆ ಮುಗಿಯಿತು ಎಂದರೂ ಅಂಥ ಖಾಲಿ ಜಾಗಗಳು ಬಹುಪಾಲು ತುಂಬಿದ್ದು 2022ರ ಹೊತ್ತಿಗೆ.