ಬೀಡಿ ಕಟ್ಟಿ ಸೊಂಟ ಸೋತಿದೆ
ಪ್ರಶ್ನೆ: ದಿನವಿಡೀ ನೆಲದಲ್ಲಿ ಕುಳಿತು, ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತೇನೆ. ತಿಂಗಳಿನಿಂದ ಸೊಂಟ ನೋವು; ಬಾವಿಯಿಂದ ಒಂದು ಕೊಡ ನೀರು ಸೇದುವುದೂ ಕಷ್ಟ. ಮಲಗಿಯೇ ಇರು ಎನ್ನುತ್ತಾರೆ ಅತ್ತೆ. ಸ್ಕ್ಯಾನ್ ಮಾಡಿಸಬೇಕೇ?
– ಓದುಗರು, ಬಂಟ್ವಾಳ

ಉತ್ತರ: ಅತ್ತೆಯವರ ಕಾಳಜಿ ದೊಡ್ಡದು, ಆದರೆ ಮಲಗಿಯೇ ಇರಬೇಡಿ ತಾಯಿ. ಹಾಸಿಗೆ ಹಿಡಿದಷ್ಟೂ ಬೆನ್ನಿನ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ. ಬಾಗಿ ಕುಳಿತಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳ ಮೇಲೆ ಒತ್ತಡ ಹೆಚ್ಚುತ್ತದೆ. ಗೋಡೆಗೆ ಒರಗಿ, ಮಣೆಯ ಮೇಲೆ ಕುಳಿತುಕೊಳ್ಳಿ. ಒಂದೆರಡು ಕಟ್ಟು ಮುಗಿದಾಗಲೆಲ್ಲ ಎದ್ದು ಅಂಗಳದಲ್ಲಿ ನಡೆದಾಡಿ. ಲೆಕ್ಕಕ್ಕೆ ಬೀಡಿ ಕಡಿಮೆಯಾದೀತೆಂಬ ಚಿಂತೆ ನನಗೆ ಅರ್ಥವಾಗುತ್ತದೆ; ಆದರೂ ಏಳಲೇಬೇಕು. ಕೊಡವನ್ನು ಅರ್ಧ ತುಂಬಿಸಿ, ಮೈಗೆ ಒತ್ತಿ ಹಿಡಿಯಿರಿ. ಆರೋಗ್ಯ ಕೇಂದ್ರದಲ್ಲಿ ಒಮ್ಮೆ ತೋರಿಸಿ; ವೈದ್ಯರು ಹೇಳಿದರಷ್ಟೇ ಸ್ಕ್ಯಾನ್. ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ.