ಓದುಗರ ಪ್ರಶ್ನೆ: ಜಿನೀವಾದಲ್ಲಿ ನಮ್ಮ ಪರವಾಗಿ ಒಪ್ಪಿದ್ದು ಯಾರು?

ಪ್ರಶ್ನೆ: ಎಂಡೋಸಲ್ಫಾನ್ ಕೀಟನಾಶಕ ನಿಲ್ಲಿಸಬೇಕು ಅಂತ 2011ರಲ್ಲಿ ಜಿನೀವಾದಲ್ಲಿ ಎಷ್ಟೋ ದೇಶಗಳು ಸೇರಿ ತೀರ್ಮಾನ ಮಾಡಿದುವಲ್ಲ, ಅಲ್ಲಿ ಭಾರತದ ಪರವಾಗಿ ಒಪ್ಪಿದ್ದು ಯಾರು? ರಾಷ್ಟ್ರಪತಿಯಾ, ಪಾರ್ಲಿಮೆಂಟಾ? ನಮ್ಮ ಎಂಪಿಗೆ ಓಟು ಹಾಕುವ ಅವಕಾಶ ಇತ್ತಾ? ಅಮೆರಿಕದಲ್ಲಾದರೆ ಇಂಥದ್ದಕ್ಕೆಲ್ಲ ಸೆನೆಟ್ (ಅವರ ಪಾರ್ಲಿಮೆಂಟಿನ ಮೇಲ್ಮನೆ) ಒಪ್ಪಲೇಬೇಕು ಅಂತ ಮಗ ಹೇಳುತ್ತಾನೆ.
– ಓದುಗರೊಬ್ಬರು, ಪೆರ್ಲ

ಉತ್ತರ: ನಿಮ್ಮ ಎಂಪಿಗೆ ಓಟು ಇರಲಿಲ್ಲ. ಬೇರೆ ಯಾವ ಎಂಪಿಗೂ ಇರಲಿಲ್ಲ. ಅಲ್ಲಿ ಕೂತಿದ್ದವರು ಕೇಂದ್ರ ಸರಕಾರ ಕಳಿಸಿದ ಪ್ರತಿನಿಧಿಗಳು. ನಿಮ್ಮ ಎಣ್ಮಕಜೆ ಕಡೆಯ ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ, ಹೆಲಿಕಾಪ್ಟರಿನಲ್ಲಿ ಬಿಟ್ಟ ಅದೇ ಮದ್ದನ್ನು ನಿಷೇಧದ ಪಟ್ಟಿಗೆ ಸೇರಿಸಬಾರದು ಅಂತ ಅವರು ಮೊದಲು ಹಟ ಹಿಡಿದಿದ್ದರು, ಕೊನೆಗೆ ಕೆಲವು ಬೆಳೆಗಳಿಗೆ ಒಂದಷ್ಟು ಕಾಲ ರಿಯಾಯಿತಿ ಸಿಕ್ಕ ಮೇಲೆ ಒಪ್ಪಿದರು. ಹಟ ಹಿಡಿಯಲಿಕ್ಕೂ ಒಪ್ಪಲಿಕ್ಕೂ ಯಾವ ಸದನದ ಅನುಮತಿಯೂ ಬೇಕಾಗಿರಲಿಲ್ಲ.

ಯಾಕೆ ಹೀಗೆ? ವಿದೇಶಗಳ ಜೊತೆ ಒಪ್ಪಂದ ಮಾಡುವ ವಿಷಯ ಸಂವಿಧಾನದ ಕೇಂದ್ರ ಪಟ್ಟಿಯ 14ನೇ ನಮೂದಿನಲ್ಲಿದೆ. ಅಂದರೆ ಅದನ್ನು ಹೇಗೆ ಮಾಡಬೇಕು ಅಂತ ಪಾರ್ಲಿಮೆಂಟ್ ಕಾನೂನು ಮಾಡಬಹುದು. ಮಾಡಿಲ್ಲ, ಅಷ್ಟೆ. ಹಾಗಾಗಿ 73ನೇ ವಿಧಿಯ ಪ್ರಕಾರ ಆ ಕೆಲಸ ಸರಕಾರದ ಕೈಯಲ್ಲೇ ಉಳಿದಿದೆ. ಎಲ್ಲವೂ ನಡೆಯುವುದು ರಾಷ್ಟ್ರಪತಿಗಳ ಹೆಸರಿನಲ್ಲಿ, ನಿಜ. ಆದರೆ 74ನೇ ವಿಧಿಯಂತೆ ಅವರು ಸಂಪುಟದ ಮಾತಿನಂತೆ ನಡೆಯಬೇಕು.

ಪಾರ್ಲಿಮೆಂಟಿಗೆ ಕೆಲಸ ಬರುವುದು ಸಹಿ ಆದ ಮೇಲೆ. ಒಪ್ಪಂದದಿಂದ ನಮ್ಮ ಯಾವುದಾದರೂ ಕಾನೂನು ಬದಲಾಗಬೇಕಾದರೆ, ಜನರ ಹಕ್ಕಿಗೆ ಧಕ್ಕೆ ಬರುವುದಾದರೆ, ಆಗ ಮಸೂದೆ ಬೇಕು. ನೆಲ ಬಿಟ್ಟುಕೊಡುವುದಾದರೆ ಸಂವಿಧಾನವನ್ನೇ ತಿದ್ದಬೇಕು ಅಂತ ಸುಪ್ರೀಂ ಕೋರ್ಟು 1960ರಲ್ಲಿ, ಪಶ್ಚಿಮ ಬಂಗಾಳದ ಬೇರುಬಾರಿಯ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡುವ ವಿಷಯದಲ್ಲಿ ಹೇಳಿತು. ಬಾಂಗ್ಲಾದೇಶದ ಜೊತೆಗಿನ ಗಡಿ ಒಪ್ಪಂದಕ್ಕೆ 1974ರಲ್ಲೇ ಸಹಿ ಆಗಿದ್ದರೂ ಭೂಮಿ ಕೈಬದಲಾಗಲು 2015ರ 100ನೇ ತಿದ್ದುಪಡಿ ತನಕ ಕಾಯಬೇಕಾಯಿತು.

ಇನ್ನು ನಿಮ್ಮ ಎಂಡೋಸಲ್ಫಾನ್ ವಿಷಯದಲ್ಲಿ ಇನ್ನೊಂದು ಗಂಟು ಇದೆ. ಜಿನೀವಾದ ತೀರ್ಮಾನ ಸ್ಟಾಕ್‌ಹೋಮ್ ಒಪ್ಪಂದದ ಅಡಿಯಲ್ಲಿ ಆದದ್ದು; ಬೇಗ ನಾಶವಾಗದೆ ಬಹುಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯಲಿಕ್ಕೆ ದೇಶಗಳು ಮಾಡಿಕೊಂಡ ಒಪ್ಪಂದ ಅದು. 2006ರಲ್ಲಿ ಭಾರತ ಆ ಒಪ್ಪಂದಕ್ಕೆ ಸೇರುವಾಗಲೇ ಒಂದು ಷರತ್ತು ಹಾಕಿತ್ತು: ಪಟ್ಟಿಗೆ ಹೊಸದಾಗಿ ಯಾವ ರಾಸಾಯನಿಕ ಬಂದರೂ ನಾವು ಅದಕ್ಕೆ ಬೇರೆಯಾಗಿ ಒಪ್ಪಿಗೆ ಪತ್ರ ಕೊಟ್ಟರೆ ಮಾತ್ರ ನಮಗೆ ಅನ್ವಯ. ಹಾಗಾಗಿ ಸಭೆಯಲ್ಲಿ ಹೂಂ ಅಂದ ಮಾತ್ರಕ್ಕೆ ಇಲ್ಲಿ ಏನೂ ನಿಲ್ಲುವುದಿಲ್ಲ. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಏಳು ರಾಸಾಯನಿಕಗಳಿಗೆ ಇಂಥ ಒಪ್ಪಿಗೆ ಕೊಟ್ಟಿತು. ಆ ಏಳರಲ್ಲಿ ಎಂಡೋಸಲ್ಫಾನ್ ಇರಲಿಲ್ಲ. ನಮ್ಮಲ್ಲಿ ಅದನ್ನು ನಿಲ್ಲಿಸಿದ್ದು ಜಿನೀವಾ ಸಭೆಯಾದ ಎರಡು ವಾರಕ್ಕೆ, 2011ರ ಮೇ 13ರಂದು, ಸಿಪಿಎಂನ ಯುವ ಸಂಘಟನೆ ಡಿವೈಎಫ್‌ಐ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಕೊಟ್ಟ ಮಧ್ಯಂತರ ಆದೇಶ.

ಈಗ ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ಅರ್ಧ ಸರಿ. ಅಮೆರಿಕದ ಸಂವಿಧಾನದಂತೆ ಅಧ್ಯಕ್ಷರು ಮಾಡಿದ ಒಪ್ಪಂದಕ್ಕೆ ಸೆನೆಟಿನಲ್ಲಿ ಹಾಜರಿದ್ದವರ ಮೂರನೇ ಎರಡು ಭಾಗ ಒಪ್ಪಬೇಕು. ಇದೇ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಬುಷ್ ಸರಕಾರ 2001ರ ಮೇಯಲ್ಲೇ ಸಹಿ ಹಾಕಿತು, ಆದರೆ ಸೆನೆಟ್ ಬಾಗಿಲು ದಾಟಲಿಲ್ಲ. ಹಾಗಾಗಿ ಅಷ್ಟು ದೊಡ್ಡ ದೇಶ ಆ ಸಭೆಗಳಲ್ಲಿ ಸುಮ್ನೆ ವೀಕ್ಷಕನಾಗಿ ಕೂರುತ್ತದೆ. ತಮಾಷೆಯೆಂದರೆ ಎಂಡೋಸಲ್ಫಾನನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಅಲ್ಲಿನ ಪರಿಸರ ಇಲಾಖೆ ಜಿನೀವಾಕ್ಕಿಂತ ಮೊದಲೇ, 2010ರಲ್ಲಿ, ತನ್ನದೇ ಕಾನೂನಿನಂತೆ ಹೇಳಿಯಾಗಿತ್ತು.

ಉಳಿದರ್ಧ ಏನೆಂದರೆ, ಅಲ್ಲಿ ಹೆಚ್ಚಿನ ಒಪ್ಪಂದಗಳು ಸೆನೆಟಿನ ಆ ಓಟಿಗೆ ಹೋಗುವುದೇ ಇಲ್ಲ. ಒಬಾಮಾ 2016ರಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಸೇರಿದ್ದು ಸೆನೆಟನ್ನು ಕೇಳದೆ. ಟ್ರಂಪ್ ಹೊರಗೆ ಬಂದರು, ಬೈಡನ್ 2021ರಲ್ಲಿ ಮತ್ತೆ ಒಳಗೆ ಹೋದರು, 2025ರಲ್ಲಿ ಟ್ರಂಪ್ ಮತ್ತೆ ಹೊರಗೆ ಹೊರಟರು. ಯಾರನ್ನೂ ಕೇಳದೆ ಸೇರಿದ್ದನ್ನು ಯಾರನ್ನೂ ಕೇಳದೆ ಬಿಟ್ಟರು, ಅಲ್ವಾ?

ನನ್ನನ್ನು ಕೇಳಿದರೆ ಅವರ ಮೂರನೇ ಎರಡರ ಬೀಗ ನಮಗೆ ಬೇಡ. ಆದರೆ ಸಹಿಗೆ ಮೊದಲು ಕರಡನ್ನು ಪಾರ್ಲಿಮೆಂಟಿನ ಸ್ಥಾಯಿ ಸಮಿತಿಯ ಮುಂದೆ ಇಟ್ಟು, ಮದ್ದು ಬಿದ್ದ ಊರಿನ ಒಬ್ಬರನ್ನಾದರೂ ಕರೆದು ಕೇಳಲಿಕ್ಕೆ ಏನು ಕಷ್ಟ?

ಪ್ರಶ್ನೆ: ಕೃಷಿ ರಾಜ್ಯದ ವಿಷಯ ಅಂತಾರೆ. ಹಾಗಾದರೆ ಆಸಿಯಾನ್ (ಆಗ್ನೇಯ ಏಷ್ಯಾದ ದೇಶಗಳ ಕೂಟ) ಜೊತೆ ಆಮದು ಸುಂಕ ಇಳಿಸುವ ಒಪ್ಪಂದಕ್ಕೆ ದೆಹಲಿಯವರು ಕೇರಳವನ್ನು ಬಿಟ್ಟು ಸಹಿ ಹಾಕಿದ್ದು ಹೇಗೆ? ನಾವು ಒಳ್ಳೆಮೆಣಸು ಬೆಳೆಯುವವರು.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಹಾಕಬಹುದು, ಹಾಕಿದರು. ಸಹಿ 2009ರ ಆಗಸ್ಟ್ 13ಕ್ಕೆ, ಜಾರಿ 2010ರ ಜನವರಿ 1ಕ್ಕೆ. ನಡುವೆ ಗಾಂಧಿ ಜಯಂತಿಯ ದಿನ ಕಾಸರಗೋಡಿನಿಂದ ತಿರುವನಂತಪುರದ ತನಕ ಈ ಒಪ್ಪಂದ ಬೇಡ ಅಂತ ಜನ ಕೈ ಕೈ ಹಿಡಿದು ನಿಂತದ್ದು ನಿಮಗೆ ನೆನಪಿರಬಹುದು. ಕೃಷಿ ರಾಜ್ಯ ಪಟ್ಟಿಯಲ್ಲಿದೆ, ಸರಿ. ಆದರೆ ಬಂದರಿನಲ್ಲಿ ಹಾಕುವ ಆಮದು ಸುಂಕ ಕೇಂದ್ರದ್ದು. ಅದನ್ನು ಇಳಿಸಲು ಕಸ್ಟಮ್ಸ್ ಕಾನೂನಿನಂತೆ ಗೆಜೆಟ್ಟಿನಲ್ಲಿ ಒಂದು ಅಧಿಸೂಚನೆ ಸಾಕು. ಇನ್ನೂ ಮುಂದೆ ಹೋದರೆ 253ನೇ ವಿಧಿ ಇದೆ. ವಿದೇಶಿ ಒಪ್ಪಂದ ಜಾರಿ ಮಾಡಲಿಕ್ಕೆ ರಾಜ್ಯ ಪಟ್ಟಿಯ ವಿಷಯದಲ್ಲೂ ಪಾರ್ಲಿಮೆಂಟ್ ಕಾನೂನು ಮಾಡಬಹುದು. ರಾಜ್ಯವನ್ನು ಕೇಳಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ಯಾರನ್ನೂ ಕೇಳದೆ ಯುದ್ಧ ಶುರು ಮಾಡಬಹುದಾ? ಮನೆಯವರು ಗಲ್ಫಿನಲ್ಲಿದ್ದಾರೆ, ಅದಕ್ಕೆ ಕೇಳಿದೆ.
– ಓದುಗರೊಬ್ಬರು, ಉಪ್ಪಳ

ಉತ್ತರ: ಕಾಗದದ ಮೇಲೆ ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ಅಂದರೆ ಅವರ ಪಾರ್ಲಿಮೆಂಟಿನದು. ಅದು ಕೊನೆಯ ಬಾರಿ ಸಾರಿದ್ದು 1942ರಲ್ಲಿ! ಆಮೇಲಿನ ಕೊರಿಯಾ, ವಿಯೆಟ್ನಾಂ, ಇರಾಕ್ ಯಾವುದಕ್ಕೂ ಹಾಗೆ ಸಾರಿಲ್ಲ. ವಿಯೆಟ್ನಾಂ ನೋಡಿ ಸಾಕಾಗಿ 1973ರಲ್ಲಿ ಕಾಂಗ್ರೆಸ್ ಒಂದು ಕಾನೂನು ತಂದಿತು. ನಿಕ್ಸನ್ ಬೇಡ ಅಂದರೂ ಅದನ್ನು ಮೀರಿ ಪಾಸು ಮಾಡಿತು. ಅದರ ಪ್ರಕಾರ ಸೇನೆಯನ್ನು ಕಾಳಗಕ್ಕೆ ಇಳಿಸಿದ 48 ಗಂಟೆಯೊಳಗೆ ವರದಿ ಕೊಡಬೇಕು, ಕಾಂಗ್ರೆಸ್ ಒಪ್ಪದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ವಾಪಸು ಕರೆಸಲಿಕ್ಕೆ ಬೇಕಾದರೆ ಇನ್ನು 30 ದಿನ. ಈ ಕಾನೂನು ತಮ್ಮ ಕೈಕಟ್ಟುತ್ತದೆ ಅಂತ ಅಧ್ಯಕ್ಷರುಗಳು, ಯಾವ ಪಕ್ಷದವರೇ ಆಗಲಿ, ಗೊಣಗುತ್ತಲೇ ಬಂದಿದ್ದಾರೆ. ಒಟ್ಟಿನಲ್ಲಿ ಮೊದಲ ಬಾಂಬು ಬೀಳುವುದನ್ನು ಆ ಕಾನೂನು ತಡೆಯುವುದಿಲ್ಲ. ಲೆಕ್ಕ ಶುರುವಾಗುವುದೇ ಆಮೇಲೆ.